ಡಿಕ್ಕಿ ತುಂಬಿದ ಕಾರು

ನಮ್ಮೂರಿನಲ್ಲಿ ಮಕ್ಕಳು ಹುಟ್ಟುವುದಿಲ್ಲ. ನೋವು ಇಲ್ಲೇ ಬರುತ್ತದೆ, ಮಗು ಮಾತ್ರ ಸೇತುವೆ ದಾಟಿದ ಮೇಲೇ ಬರುತ್ತದೆ. ಹಾಗಾದರೆ ದಿನ ತುಂಬುವ ಮೊದಲೇ ಆಚೆಗೆ ಹೋಗಿ ಕೂತುಬಿಡಬಾರದೇ ಎಂದು ಹೊರಗಿನಿಂದ ಬಂದವರೆಲ್ಲ ಕೇಳುತ್ತಾರೆ, ನಮಗೆ ಹೊಳೆಯದ್ದು ಏನೋ ಅವರಿಗೆ ಹೊಳೆದಂತೆ. ಕೂತು ನೋಡಿದವರೂ ಇದ್ದಾರೆ. ಮಗ್ಗದ ಬೀದಿಯ ಒಬ್ಬಾಕೆ ಆಚೆಯ ಬಂಡೆಗಳ ನಡುವೆ ಗುಡಿಸಲು ಹಾಕಿಸಿಕೊಂಡು ಆರು ವಾರ ಕಾದಳು. ಒಂದು ಸಣ್ಣ ನೋವೂ ಸುಳಿಯಲಿಲ್ಲ. ಬೇಸತ್ತು ಮನೆಗೆ ಬಂದು ಬಚ್ಚಲಲ್ಲಿ ಕಾಲು ತೊಳೆಯುತ್ತಿರುವಾಗ ಶುರುವಾಯಿತು. ನೋವು ಈ ಕಡೆಯದು, ಮಗು ಆ ಕಡೆಯದು, ನಡುವೆ ಹನ್ನೊಂದು ಮೈಲಿ ರಸ್ತೆ. ಹೀಗಾಗಿ ನಮ್ಮಲ್ಲಿ ಹೆಣ್ಣು ಕೊಡುವವರು ಹುಡುಗನಿಗೆ ಏನು ಕೆಲಸ ಎಂದು ಕೇಳುವ ಮೊದಲು ಮನೆಯಲ್ಲಿ ಗಾಡಿ ಇದೆಯೇ, ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆಯೇ ಎಂದು ಕೇಳುತ್ತಾರೆ. ಬೀದಿಯಲ್ಲಿ ನಿಲ್ಲಿಸಿದ ಕಾರುಗಳ ಮೂತಿ ಯಾವಾಗಲೂ ಸೇತುವೆಯ ಕಡೆಗೇ ಇರುತ್ತದೆ. ತಪ್ಪಿ ಯಾರಾದರೂ ಹಿಂದುಮುಂದಾಗಿ ನಿಲ್ಲಿಸಿದರೆ ಅವರ ಮನೆಯಲ್ಲಿ ಬಸುರಿಯಿಲ್ಲದಿದ್ದರೂ ಬೀದಿಯ ಮುದುಕಿಯರು ಬೈಯುತ್ತಾರೆ.

ಮಡಿಲು ತುಂಬುವುದು ಎಲ್ಲ ಕಡೆಯೂ ಇದೆ. ನಮ್ಮಲ್ಲಿ ಡಿಕ್ಕಿ ತುಂಬುತ್ತಾರೆ. ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು ಸೋಮವಾರ ಬೀದಿಯ ಪ್ರತಿ ಮನೆಯವರೂ ಬಂದು ಬಸುರಿಯ ಕಾರಿನ ಡಿಕ್ಕಿಯಲ್ಲಿ ಏನಾದರೊಂದು ಇಡುತ್ತಾರೆ. ಹಳೆಯ ಮೆತ್ತನೆ ಸೀರೆ, ಕೌದಿ, ಕುಲಾವಿ, ಒಣಶುಂಠಿ, ಬೆಲ್ಲದಚ್ಚು, ಹರಳೆಣ್ಣೆ ಸೀಸೆ, ಹೀಗೆ. ಎಲ್ಲ ಇಟ್ಟಾದ ಮೇಲೆ ಮನೆಯ ಹಿರಿಯ ಹೆಂಗಸು ಬಾಗಿಲು ಮುಚ್ಚಿ ಹಿಡಿಕೆಗೆ ಅರಿಸಿನದ ದಾರ ಕಟ್ಟುತ್ತಾಳೆ. ಸೇತುವೆಯಾಚೆ ಮಗು ಅತ್ತ ಮೇಲೆಯೇ ಆ ದಾರ ಬಿಚ್ಚಬೇಕು. ಈ ಕಡೆಯೇ ತೆಗೆದರೆ ಮಗುವಿನ ಉಸಿರು ಈ ಕಡೆಯೇ ಉಳಿದುಬಿಡುತ್ತದೆ ಎನ್ನುತ್ತಾರೆ. ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ. ಆದರೆ ತೆಗೆದು ನೋಡುವ ಎದೆಗಾರಿಕೆಯೂ ಯಾರಿಗೂ ಇಲ್ಲ.

ನನ್ನ ಹೆಸರು ಚೆಲುವಾಂಬ. ಹೆಸರಿಗೆ ತಕ್ಕ ರೂಪ ಇಲ್ಲವೆಂದು ನನಗೇ ಗೊತ್ತು, ಬೇರೆಯವರು ಹೇಳಿ ಬಾಯಿ ನೋಯಿಸಿಕೊಳ್ಳುವುದು ಬೇಡ. ಹೆಣ್ಣುಮಕ್ಕಳ ಹೈಸ್ಕೂಲಿನ ವಿಜ್ಞಾನದ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಅಟೆಂಡರ್ ಆಗಿದ್ದೇನೆ. ಮೇಡಂ ಪಾಠ ಮಾಡುತ್ತಾರೆ, ವೈರು ಜೋಡಿಸುವವಳು ನಾನು. ಗಂಡ ಕೆಂಪರಾಜು ಪಂಚಾಯಿತಿ ಕಚೇರಿಯಲ್ಲಿ ಗುಮಾಸ್ತ. ಒಳ್ಳೆಯ ಮನುಷ್ಯ, ಆದರೆ ಗಾಬರಿಯಾದರೆ ಬಲಗೈ ಯಾವುದು ಎಡಗೈ ಯಾವುದು ಎಂಬುದನ್ನೇ ಮರೆಯುತ್ತಾರೆ. ಅತ್ತೆ ದೇವೀರಮ್ಮನವರು ಗಾಬರಿಯಾಗುವವರಲ್ಲ, ಗಾಬರಿಪಡಿಸುವವರು. ಮನೆಯಲ್ಲಿ ನಾವು ಮೂವರೇ. ನಾಲ್ಕು ಜನರಾಗಬೇಕಾಗಿತ್ತು.

ನಾಲ್ಕು ವರ್ಷದ ಹಿಂದೆ ಮೊದಲ ಸಲ ನನಗೆ ನೋವು ಬಂದಾಗ ನಮ್ಮ ಬಳಿ ಕಾರಿರಲಿಲ್ಲ. ಬೇರೊಬ್ಬರ ವ್ಯಾನಿನಲ್ಲಿ ಹೊರಟೆವು. ಸೇತುವೆಯ ದಾರಿಯಲ್ಲಿ ಮೂರು ಏರು ಸಿಗುತ್ತವೆ. ಎರಡನೆಯ ಏರಿನಲ್ಲಿ ಟೈರು ಒಡೆಯಿತು. ಬದಲಿ ಚಕ್ರ ಡಿಕ್ಕಿಯಲ್ಲಿ, ಕೌದಿ ಕುಲಾವಿಗಳ ಅಡಿಯಲ್ಲಿತ್ತು. ಡಿಕ್ಕಿ ತೆಗೆದರು. ಚಕ್ರ ಬದಲಾಯಿಸಿಕೊಂಡು ಸೇತುವೆ ದಾಟಿದೆವು, ಮಗು ಬಂತು, ಅಳಲಿಲ್ಲ. ಗಂಡು ಮಗು. ಡಿಕ್ಕಿ ತೆಗೆದದ್ದಕ್ಕೇ ಹೀಗಾಯಿತು ಎಂದು ಊರು ತೀರ್ಮಾನಿಸಿತು, ಆಮೇಲೆ ಎಲ್ಲರೂ ಬದಲಿ ಚಕ್ರವನ್ನು ಕಾರಿನ ತಲೆಯ ಮೇಲೆ ಕಟ್ಟಿಕೊಳ್ಳತೊಡಗಿದರು. ನನ್ನ ಕೂಸಿನಿಂದ ಊರು ಕಲಿತದ್ದು ಇಷ್ಟು. ನಮ್ಮವರು ಅದೇ ವರ್ಷ ಒಂದು ಹಳೆಯ ಕಾರು ತಂದರು. ಮೊಟ್ಟೆಯ ಬಣ್ಣದ್ದು, ನನಗಿಂತ ನಾಲ್ಕೇ ವರ್ಷಕ್ಕೆ ಚಿಕ್ಕದು. ಪ್ರತಿದಿನ ಬೆಳಗ್ಗೆ ಅದನ್ನು ಸ್ಟಾರ್ಟ್ ಮಾಡಿ, ಐದು ನಿಮಿಷ ಸದ್ದು ಕೇಳಿ, ಆಫ್ ಮಾಡಿ ಕಚೇರಿಗೆ ನಡೆದುಕೊಂಡು ಹೋಗುತ್ತಿದ್ದರು. ನಾಲ್ಕು ವರ್ಷದಲ್ಲಿ ಒಂದು ದಿನವೂ ಅದು ಕೈ ಕೊಟ್ಟಿರಲಿಲ್ಲ.

ಈ ಸಲ ನನ್ನ ಡಿಕ್ಕಿ ತುಂಬುವ ದಿನ ಬೀದಿಯ ಇಪ್ಪತ್ತೆರಡು ಮನೆಯವರೂ ಬಂದರು, ಹೋದ ಸಲದ ಮರುಕಕ್ಕೋ ಏನೋ, ಒಂದು ತರುವವರು ಎರಡೆರಡು ತಂದರು. ಕೌದಿಗಳೇ ಒಂಬತ್ತು. ಬಾಗಿಲು ಮುಚ್ಚಲು ಬರದೆ ನಾಲ್ಕು ಹೆಂಗಸರು ಅದರ ಮೇಲೆ ಕೂತರು. ಟಕ್ ಎಂದು ಬೀಗ ಕಚ್ಚಿಕೊಂಡಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಅತ್ತೆ ನಗಲಿಲ್ಲ, ದಾರವನ್ನು ಏಳು ಸುತ್ತು ಸುತ್ತಿ ಗಂಟು ಹಾಕಿದರು. ಬುಧವಾರ ಬೆಳಗ್ಗೆ ನಮ್ಮವರು ಕೀಲಿ ತಿರುಗಿಸಿದರೆ ಕಾರು ಕಟಕಟ ಎಂದಿತೇ ಹೊರತು ಎಂಜಿನ್ ಅಲುಗಲಿಲ್ಲ. ಅಡುಗೆಮನೆಯಲ್ಲಿದ್ದ ನಾನು ಆ ಸದ್ದು ಕೇಳಿ ಒಲೆ ಆರಿಸಿ ಹೊರಗೆ ಬಂದೆ. ಡಾಕ್ಟರರು ಹೇಳಿದ ದಿನಕ್ಕೆ ಇನ್ನು ಹನ್ನೆರಡು ದಿನವಿತ್ತು, ಆದರೆ ಹೊಟ್ಟೆಯೊಳಗಿನವರು ಕ್ಯಾಲೆಂಡರ್ ನೋಡುತ್ತಾರೆಯೇ?

ಮೆಕ್ಯಾನಿಕ್ ಲಕ್ಕಪ್ಪ ಬಂದ. ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಬಾನೆಟ್ ಎತ್ತಿ ನೋಡಿ, "ಬ್ಯಾಟ್ರಿ ಸತ್ತೋಗೈತೆ ಕಣಕ್ಕ. ಹೊಸದು ಹಾಕಿದ್ರೆ ಸಿಂಹ ಆಯ್ತದೆ," ಎಂದ. ಹೊಸದು ಹಾಕಿದ. ಗುರುವಾರ ಸಿಂಹವೇ. ಶನಿವಾರ ಬೆಳಗ್ಗೆ ಮತ್ತೆ ಕಟಕಟ. ಆಗ ಡೈನಮೋ ಮೇಲೆ ಅನುಮಾನ ಬಂತು, ಅದನ್ನು ಬಿಚ್ಚಿ ಜೋಡಿಸಿದ. ಸೋಮವಾರ ಮತ್ತೆ ಅದೇ ಕಥೆ. "ಎಲ್ಲೋ ಕರೆಂಟು ಸೋರ್ತಾ ಐತೆ. ಮಲಗಾಕೆ ಮುಂಚೆ ಬ್ಯಾಟ್ರಿ ವೈರು ಬಿಚ್ಚಿಡಿ, ಬೆಳಗ್ಗೆ ಹಾಕ್ಕೊಳಿ," ಎಂದು ಹೇಳಿ ಹೋದ. ಹಾಗೂ ಮಾಡಿದೆವು. ಹಳೆಯ ಕಾರಿನ ಬ್ಯಾಟರಿಗೆ ವೈರು ಕಚ್ಚಿಸುವ ಹಳೆಯ ಸೀಸದ ಹಿಡಿಕೆ, ಎರಡು ದಿನ ಬಿಚ್ಚಿ ಹಾಕುವಷ್ಟರಲ್ಲಿ ಸೀಳು ಬಿಟ್ಟಿತು. ಲಕ್ಕಪ್ಪ ಅದಕ್ಕೆ ತಗಡಿನ ಪಟ್ಟಿ ಸುತ್ತಿ ಬಿಗಿದು, ಇನ್ನೊಂದು ಸಲ ಬಿಚ್ಚಿದರೆ ದೇವರೇ ಗತಿ ಎಂದ.

ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲವೇ ಎಂದು ಬೀದಿಯವರು ಸಮಾಧಾನ ಹೇಳಿದರು. ಆಗುತ್ತದೆ, ಬೀದಿಯಲ್ಲಿ ಆಗುತ್ತದೆ. ಏರಿನ ಮಧ್ಯದಲ್ಲಿ ನಿಂತರೆ ಯಾರು ತಳ್ಳುತ್ತಾರೆ, ಅತ್ತೆಯೇ? ಬೇರೆಯವರ ಕಾರು ಕೇಳಲು ನನಗೆ ಮನಸ್ಸಿರಲಿಲ್ಲ, ಹೋದ ಸಲ ಕೇಳಿ ಆಗಿತ್ತು. ಆ ವಾರವೆಲ್ಲ ನಾನು ಊಟದ ಮುಂದೆ ಕೂತರೂ ಕಿವಿ ಕಾರಿನ ಕಡೆಗೇ. ಹೊಟ್ಟೆ ಸ್ವಲ್ಪ ಬಿಗಿಯಾದರೆ ಸಾಕು, ಈಗಲೇ ಬಂತೇನೋ ಎಂದು ಗೋಡೆ ಹಿಡಿದುಕೊಳ್ಳುತ್ತಿದ್ದೆ. ಮಗು ಒದ್ದರೆ ಸಂತೋಷ, ಒಂದು ಗಳಿಗೆ ಸುಮ್ಮನಿದ್ದರೆ ಜೀವ ಬಾಯಿಗೆ ಬರುತ್ತಿತ್ತು. ಕೊನೆಗೆ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಹನ್ನೊಂದು ವರ್ಷ ಆಮ್ಮೀಟರು ಒರೆಸಿ ಇಟ್ಟವಳು ನಾನು, ಮನೆಯ ಮುಂದೆ ಕರೆಂಟು ಸೋರುತ್ತಿದ್ದರೆ ಊರವರ ಬಾಯಿ ನೋಡುತ್ತ ಕೂತಿದ್ದೇನಲ್ಲ!

ಬುಧವಾರ ಕಚೇರಿಗೆ ರಜೆ ಹಾಕಿಸಿ ನಮ್ಮವರನ್ನು ಲ್ಯಾಬಿಗೆ ಕಳಿಸಿ ಒಂದು ಆಮ್ಮೀಟರ್ ತರಿಸಿದೆ. ಮಾಡುವ ಕೆಲಸ ಬಹಳ ಸರಳ. ಬ್ಯಾಟರಿಯಿಂದ ಹೊರಡುವ ಕರೆಂಟು ಮೀಟರಿನ ಮೂಲಕ ಹಾದುಹೋಗುವಂತೆ ಜೋಡಿಸಬೇಕು, ಕಾರಿನಲ್ಲಿ ಎಲ್ಲವನ್ನೂ ಆಫ್ ಮಾಡಬೇಕು, ಆಗಲೂ ಮುಳ್ಳು ಎದ್ದು ನಿಂತರೆ ಯಾವನೋ ಒಳಗಿಂದ ಕುಡಿಯುತ್ತಿದ್ದಾನೆ ಎಂದರ್ಥ. ಆಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಹೋಗಬೇಕು. ಯಾವುದನ್ನು ಕಿತ್ತಾಗ ಮುಳ್ಳು ಬೀಳುತ್ತದೋ ಕಳ್ಳ ಆ ಮನೆಯಲ್ಲಿದ್ದಾನೆ. ತಗಡಿನ ಪಟ್ಟಿ ಬಿಚ್ಚುವಾಗ ನಾನು ಉಸಿರು ಬಿಡಲಿಲ್ಲ. ಹಿಡಿಕೆ ಮುರಿಯಲಿಲ್ಲ. ನಾನು ಬಾನೆಟ್ಟಿನ ಪಕ್ಕ ಮೊಗಚಿದ ಕೊಳಗದ ಮೇಲೆ ಕೂತೆ, ನಮ್ಮವರು ಒಳಗೆ ಕೂತು ಬಾಗಿಲು ಹಾಕಿಕೊಂಡು ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದರು.

ಮುಳ್ಳು ಮುಕ್ಕಾಲು ಆಂಪಿಯರಿನ ಮೇಲೆ ನಿಂತಿತ್ತು. ಎಲ್ಲ ಆಫ್ ಆದ ಕಾರಿಗೆ ಅದು ಬಹಳ ಹೆಚ್ಚು. "ಮೊದಲ್ನೇದು ತೆಗೀರಿ," ಎಂದೆ.

"ತೆಗ್ದೆ. ಬಿತ್ತಾ?"

"ಇಲ್ಲ, ವಾಪಸ್ ಹಾಕಿ. ಎರಡನೇದು."

"ಬಿತ್ತಾ?"

"ಬಿದ್ರೆ ನಾನೇ ಹೇಳ್ತೀನಿ ರೀ. ಸುಮ್ನೆ ತೆಗೀರಿ."

ನಾಲ್ಕನೆಯದಕ್ಕೆ ಮುಳ್ಳು ಕಲ್ಲು ಬಿದ್ದಂತೆ ಸೊನ್ನೆಗೆ ಬಿತ್ತು. ನನಗೆ ಕುಣಿಯುವಂತಾಯಿತು, ಕುಣಿಯುವ ಸ್ಥಿತಿಯಲ್ಲಿರಲಿಲ್ಲ. ಫ್ಯೂಸ್ ಡಬ್ಬಿಯ ಮುಚ್ಚಳದ ಮೇಲೆ ನಾಲ್ಕನೆಯದರ ಎದುರು ನಾಲ್ಕು ಸಣ್ಣ ಚಿತ್ರಗಳಿದ್ದವು. ಒಂದು ಹಾರನ್, ಒಂದು ಚಾವಣಿಯ ದೀಪ, ಒಂದು ಗಡಿಯಾರ, ಇನ್ನೊಂದು ಸವೆದು ಅಳಿಸಿಹೋಗಿತ್ತು. ಫ್ಯೂಸ್ ವಾಪಸ್ ಹಾಕಿಸಿದೆ. ಹಾರನ್ ಒತ್ತಿದಾಗ ಮಾತ್ರ ಕರೆಂಟು ಎಳೆಯುತ್ತದೆ, ಅದಲ್ಲ. ಚಾವಣಿಯ ಬಲ್ಬು ಬಿಚ್ಚಿಸಿದೆ, ಮುಳ್ಳು ಅಲ್ಲೇ. ಗಡಿಯಾರದ ವೈರು ಕೀಳಿಸಿದೆ, ಕೂದಲೆಳೆಯಷ್ಟು ಇಳಿಯಿತು. ಉಳಿದದ್ದು ಅಳಿಸಿಹೋದ ಚಿತ್ರ. ಆಗ ದಾರಿಯಲ್ಲಿ ಹೋಗುತ್ತಿದ್ದ ಲಕ್ಕಪ್ಪನನ್ನು ಕೂಗಿ ಕೇಳಿದೆ. ಅವನು ಮುಚ್ಚಳ ನೋಡಿ, ಡಿಕ್ಕಿಯ ಕಡೆ ನೋಡಿ, ಎರಡು ಹೆಜ್ಜೆ ಹಿಂದೆ ಸರಿದ.

"ಅದು ಡಿಕ್ಕಿ ಲೈಟು ಕಣಕ್ಕ. ಬಾಗ್ಲು ಪೂರ್ತಿ ಕೂತ್ರೆ ಮೂಲೆಲಿರೋ ಗುಂಡಿ ಒತ್ಕಂಡು ಆರೋಯ್ತದೆ. ಕೂರದೆ ಇದ್ರೆ ಒಳಗೇ ಉರೀತಾ ಇರ್ತದೆ."

"ತೆಗ್ದು ಬಲ್ಬು ಬಿಚ್ಚು ಮತ್ತೆ."

"ದಾರ ಕಟ್ಟಿರೋ ಡಿಕ್ಕೀನಾ? ನಂಗೂ ಮಕ್ಳವ್ರೆ. ನಾ ಮುಟ್ಟಕಿಲ್ಲ," ಎಂದವನೇ ಹೊರಟುಹೋದ.

ಸೋಮವಾರ ತುಂಬಿದ್ದು, ಬುಧವಾರ ಬ್ಯಾಟರಿ ಸತ್ತದ್ದು. ಒಂಬತ್ತು ಕೌದಿ, ಬಾಗಿಲ ಮೇಲೆ ನಾಲ್ಕು ಹೆಂಗಸರು. ಇಷ್ಟು ದಿನ ಕಣ್ಣೆದುರೇ ಇತ್ತು, ಆದರೆ ನಮ್ಮೂರಿನಲ್ಲಿ ತುಂಬಿದ ಡಿಕ್ಕಿಯ ಬಗ್ಗೆ ಯಾರೂ ಯೋಚನೆಯನ್ನೇ ಮಾಡುವುದಿಲ್ಲ, ಇನ್ನು ಮೆಕ್ಯಾನಿಕ್ ಮಾಡುತ್ತಾನೆಯೇ? ಒಳಗೆ ಹೋಗಿ ಅತ್ತೆಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದ ಅವರ ಕೈ ನಿಂತಿತು. "ಅದೊಂದು ಬ್ಯಾಡ ಕಣೇ. ಕಾರ್ ಬೇಕಾದ್ರೆ ಹೊತ್ಕೊಂಡು ಹೋಗೋಣ, ಡಿಕ್ಕಿ ಮಾತ್ರ ತೆಗೆಯೋದ್ ಬ್ಯಾಡ," ಎಂದರು. ಮತ್ತೆ ಅಕ್ಕಿಗೆ ಕೈ ಹಾಕಿದರು. ನಿಜ ಹೇಳಬೇಕೆಂದರೆ ಅವರು ಬೇಡವೆಂದದ್ದು ನನಗೂ ಸ್ವಲ್ಪ ಹಗುರವೇ ಆಯಿತು. ಮೀಟರಿನ ಮುಳ್ಳನ್ನು ನಂಬುತ್ತೇನೆ, ಆದರೆ ಆ ದಾರಕ್ಕೆ ಕೈ ಹಾಕು ಎಂದರೆ ನಾನೂ ಹಿಂದೆ ಸರಿಯುತ್ತಿದ್ದೆ.

ನಮ್ಮವರು ನಡುದಾರಿ ಹುಡುಕಿದರು. ನಾಲ್ಕನೆಯ ಫ್ಯೂಸ್ ಒಂದನ್ನು ತೆಗೆದಿಟ್ಟರೆ ದೀಪ ಆರುತ್ತದೆ, ಬ್ಯಾಟರಿ ಉಳಿಯುತ್ತದೆ, ಹೊರಡುವಾಗ ಹಾಕಿಕೊಂಡರಾಯಿತು. ಹಾಕಲೇಬೇಕು, ಏಕೆಂದರೆ ಅದರಲ್ಲಿ ಹಾರನ್ನೂ ಇದೆ. ಸೇತುವೆಯ ಗೇಟು ಕಾಯುವವನು ಮೂರು ಸಲ ಹಾರನ್ ಕೇಳದೆ ಗೇಟು ಎತ್ತುವುದಿಲ್ಲ. ಫ್ಯೂಸನ್ನು ತಮ್ಮ ಅಂಗಿಯ ಜೇಬಿನಲ್ಲಿಟ್ಟುಕೊಂಡು, "ಎದೆ ಹತ್ರಾನೇ ಇದೆ, ಮರೆಯೋ ಮಾತೇ ಇಲ್ಲ," ಎಂದರು. ಎರಡು ದಿನ ಕಾರು ಚೆನ್ನಾಗಿ ಸ್ಟಾರ್ಟ್ ಆಯಿತು. ಶುಕ್ರವಾರ ಸಂಜೆ ಅಂಗಿ ಒಗೆಯಲು ಹೋಯಿತು. ಅತ್ತೆ ಬಟ್ಟೆ ಒಗೆದರೆ ಕಲ್ಲಿಗೇ ನೋವಾಗಬೇಕು. ಜೇಬಿನಿಂದ ಸಿಕ್ಕಿದ್ದು ಮೂರು ಚೂರು ಪಿಂಗಾಣಿ ಮತ್ತು ಒಂದು ತಂತಿ. ಅಂಥ ಫ್ಯೂಸು ಊರಿನಲ್ಲಿ ಎಲ್ಲೂ ಸಿಗಲಿಲ್ಲ. ಲಕ್ಕಪ್ಪ ಒಂದು ಬೆಂಡಿನ ತುಂಡಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದ ಸುತ್ತಿ ಒಳಗೆ ಗಿಡಿದು ಕೊಟ್ಟ. "ಇದನ್ನ ಮತ್ತೆ ತೆಗೀಬೇಡಿ, ಕಾಗದ ಹರಿದೋದ್ರೆ ಹಾರನ್ ಇಲ್ಲ," ಎಂದ. ಹೀಗೆ ಡಿಕ್ಕಿಯೊಳಗಿನ ದೀಪ ಮತ್ತೆ ಹತ್ತಿತು.

ಭಾನುವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಕಾರಿನ ಹಿಂದೆ ಹಾದುಹೋಗುವಾಗ ಮೂಗಿಗೆ ಏನೋ ಬಡಿಯಿತು. ಇಸ್ತ್ರಿಪೆಟ್ಟಿಗೆಯ ಅಡಿ ಮರೆತ ಬಟ್ಟೆಯ ವಾಸನೆ. ಡಿಕ್ಕಿಯ ಎಡಮೂಲೆಯ ಸಂದಿಗೆ ಮೂಗಿಟ್ಟೆ. ಅಲ್ಲಿಂದಲೇ. ತಗಡನ್ನು ಮುಟ್ಟಿದರೆ ನೆರಳಿನಲ್ಲಿದ್ದರೂ ಬೆಚ್ಚಗಿತ್ತು. ಒಂಬತ್ತು ಕೌದಿ, ಎರಡು ಸೀಸೆ ಹರಳೆಣ್ಣೆ, ಅದರ ಕೆಳಗೇ ಪೆಟ್ರೋಲ್ ಟ್ಯಾಂಕು. ನಾನು ಕೂಗಿದ ಕೂಗಿಗೆ ನಮ್ಮವರು ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ಓಡಿ ಬಂದರು. ಅತ್ತೆಯೂ ಬಂದರು. ನಾನು ದಾರಕ್ಕೆ ಕೈ ಹಾಕಿದ್ದನ್ನು ನೋಡಿ ಅವರು ನನಗೂ ಡಿಕ್ಕಿಗೂ ನಡುವೆ ಬಂದು ನಿಂತರು.

"ಅತ್ತೆ, ಬಟ್ಟೆ ಸುಡ್ತಾ ಇದೆ. ಸರೀರಿ."

"ಸುಟ್ಟೋಗ್ಲಿ. ನಿನ್ ಕೈಲಿ ಮಾತ್ರ ತೆಗೀಬ್ಯಾಡ. ಕೈ ಮುಗೀತೀನಿ ಚೆಲುವಿ."

ಅತ್ತೆ ನನಗೆ ಕೈ ಮುಗಿದದ್ದು ಅದೇ ಮೊದಲು. "ಹೋದ್ಸಲ ತೆಗ್ದೋಳು ನಾನು," ಎಂದರು. "ಇವನು ಬೇಡ ಅವ್ವ, ನಡ್ಕೊಂಡೇ ಹೋಗೋಣ ಅಂದ. ನಾನೇ ದಾರ ಕಿತ್ತು ಬಾಗ್ಲು ಎತ್ತಿದೆ. ನಾಲ್ಕು ವರ್ಷದಿಂದ ಈ ಕೈಲಿ ಅನ್ನ ತಿಂತಾ ಇದೀನಿ ಕಣೇ, ಒಂದಿನಾನೂ ರುಚಿ ಹತ್ತಿಲ್ಲ. ನಿನ್ ಕೈಗೂ ಅದು ಅಂಟೋದು ಬ್ಯಾಡ."

ನಾನು ನಮ್ಮವರ ಮುಖ ನೋಡಿದೆ. ಅವರು ನೆಲ ನೋಡಿದರು. ವ್ಯಾನಿನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದ ನಾನು ಇಷ್ಟು ದಿನ ಡಿಕ್ಕಿ ತೆಗೆದದ್ದು ಇವರೇ ಎಂದುಕೊಂಡಿದ್ದೆ, ಎಷ್ಟೋ ಸಲ ಜಗಳದಲ್ಲಿ ಅದನ್ನು ಎತ್ತಿ ಆಡಿಯೂ ಇದ್ದೆ. ಒಂದು ಸಲವಾದರೂ ಇವರು ಬಾಯಿ ಬಿಟ್ಟಿರಲಿಲ್ಲ. ನಾಚಿಕೆಯಿಂದ ನನಗೆ ಭೂಮಿಗೆ ಇಳಿದುಹೋಗುವಂತಾಯಿತು. ಏಕೆಂದರೆ ಬಾಯಿ ಬಿಡದವಳು ನಾನೂ ಆಗಿದ್ದೆ.

"ಅತ್ತೆ, ಅದು ಟೈರ್ ಒಡೆಯೋಕೆ ಮುಂಚೇನೇ ಸುಮ್ನಾಗಿತ್ತು," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಮೊದಲನೆಯ ಏರು ಹತ್ತುವಾಗ ಮಗು ಒಂದು ಸಲ ಜೋರಾಗಿ ಹೊರಳಿತು, ಆಮೇಲೆ ಒದೆಯಲಿಲ್ಲ. ಎರಡನೆಯ ಏರಿಗೆ ಬರುವ ಮೊದಲೇ ನನಗೆ ಗೊತ್ತಾಗಿತ್ತು. ಹೇಳಿದರೆ ನನ್ನ ಹೊಟ್ಟೆಯದೇ ದೋಷ ಎನ್ನುತ್ತಾರೆಂದು ಹೆದರಿ ಸುಮ್ಮನಿದ್ದೆ. ಊರು ಡಿಕ್ಕಿಯ ಮೇಲೆ ತಪ್ಪು ಹೊರಿಸಿದಾಗ ನನಗೆ ಅದು ಅನುಕೂಲವೇ ಆಯಿತು. "ನೀವು ತೆಗ್ದಿದ್ದು ಆಮೇಲೆ ಅತ್ತೆ. ಅಷ್ಟೊತ್ತಿಗೆ ಆಗೋದೆಲ್ಲ ಆಗೋಗಿತ್ತು. ನಿಮ್ ಕೈಯಿಂದ ಏನೂ ಆಗಿಲ್ಲ."

ಅತ್ತೆ ನನ್ನನ್ನೇ ನೋಡುತ್ತ ನಿಂತರು. ಬೈಯುತ್ತಾರೆ ಎಂದುಕೊಂಡೆ, ಹೊಡೆದರೂ ಹೊಡೆಯಲಿ ಎಂದುಕೊಂಡೆ. "ನಾಲ್ಕ್ ವರ್ಷ," ಎಂದರು, ಅಷ್ಟೇ. ಆಮೇಲೆ ಡಿಕ್ಕಿಯ ಕಡೆ ತಿರುಗಿ ತಾವೇ ಹಾಕಿದ ಏಳು ಸುತ್ತಿನ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದರು. ಬಾಗಿಲು ಎತ್ತಿದೊಡನೆ ಹೊಗೆ ಬಂತು. ಎಡಮೂಲೆಯ ಪುಟ್ಟ ಬಲ್ಬು ಹಗಲಿನ ಬೆಳಕಿನಲ್ಲೂ ಉರಿಯುತ್ತಿತ್ತು. ಅದಕ್ಕೆ ಒತ್ತಿಕೊಂಡಿದ್ದ ಕೌದಿಯಲ್ಲಿ ರೊಟ್ಟಿಯಗಲದ ಕಪ್ಪು ಕಲೆಯಾಗಿ ಅಂಚಿನಲ್ಲಿ ಕೆಂಡ ಹರಿದಾಡುತ್ತಿತ್ತು. ನಮ್ಮವರು ಕೌದಿ ಎಳೆದು ಹಾಕಿ ಕಾಲಿನಿಂದ ಹೊಸಕಿದರು, ನಾನು ಸೆರಗು ಸುತ್ತಿಕೊಂಡು ಬಲ್ಬು ಕಿತ್ತೆ. ಬೇರೆಲ್ಲಾದರೂ ಕಿಡಿ ಇದೆಯೇ ಎಂದು ನೋಡಲು ಸೀರೆ, ಕುಲಾವಿ, ಸೀಸೆ, ಬೆಲ್ಲ ಎಲ್ಲವನ್ನೂ ತೆಗೆದು ರಸ್ತೆಗೆ ಹಾಕಿದೆವು. ಎದುರುಮನೆಯವರು ಬಂದು ತೆರೆದ ಡಿಕ್ಕಿ ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಒಬ್ಬೊಬ್ಬರಾಗಿ ಬೀದಿಯೇ ಸೇರಿತು. ಎಲ್ಲರ ಕಣ್ಣೂ ನನ್ನ ಹೊಟ್ಟೆಯ ಮೇಲೆ.

ನೋವು ಬಂದದ್ದು ಆಗ. ನಡುವಿನಿಂದ ಶುರುವಾಗಿ ತೊಡೆಯವರೆಗೆ ಇಳಿಯಿತು, ಇದು ಸುಳ್ಳು ನೋವಲ್ಲ ಎಂದು ಒಂದೇ ಸಲಕ್ಕೆ ತಿಳಿಯಿತು. ಬಂಪರ್ ಹಿಡಿದು ಕೂತೆ. ತೆಗೆದ ಗಳಿಗೆಯಲ್ಲೇ ಬಂತಲ್ಲ ಎಂದು ಯಾರೋ ಪಿಸುಗುಟ್ಟಿದರು. ಅತ್ತೆ ಅವರ ಕಡೆ ತಿರುಗಿ, "ಬಂದೇ ಬರ್ತದೆ, ದಿನ ತುಂಬಿದ್ರೆ ಬರ್ದೆ ಇನ್ನೇನು? ಬಾಯ್ ಮುಚ್ಕೊಂಡು ಕಾರ್ ಹಿಡೀರಿ," ಎಂದು ಗುಡುಗಿದರು. ಹಾಗೆ ಗುಡುಗುವಾಗಲೂ ನನ್ನ ತೋಳು ಹಿಡಿದಿದ್ದ ಅವರ ಕೈ ತಣ್ಣಗೆ ಕೊರೆಯುತ್ತಿತ್ತು.

ನಮ್ಮವರು ಕೀಲಿ ತಿರುಗಿಸಿದರು. ಕಟಕಟ. ಎರಡು ರಾತ್ರಿ ಆ ಬಲ್ಬು ಕುಡಿದದ್ದು ಎಲ್ಲಿ ಹೋಗುತ್ತದೆ! ಬೀದಿಯ ಹೆಂಗಸರು ಡಿಕ್ಕಿಯ ಬಾಗಿಲು ಹೊಡೆದು ಮುಚ್ಚಿ, ಅದಕ್ಕೇ ಕೈ ಕೊಟ್ಟು ತಳ್ಳಿದರು. ಎರಡನೇ ಗೇರಿನಲ್ಲಿ ಎಂಜಿನ್ ಕೆಮ್ಮಿತು, ನಿಂತಿತು, ಮತ್ತೆ ತಳ್ಳಿದರು, ಈ ಸಲ ಹಿಡಿಯಿತು. ಅರ್ಧ ಗಡ್ಡದ ಗಂಡ ಮುಂದೆ, ನಾನೂ ಅತ್ತೆಯೂ ಹಿಂದೆ. ಬೀದಿ ದಾಟುವಾಗ ಹಿಂದೆ ತಿರುಗಿ ನೋಡಿದೆ, ನಮಗೆ ಕೊಟ್ಟ ಬಟ್ಟೆಬರೆಯೆಲ್ಲ ರಸ್ತೆಯಲ್ಲೇ ಬಿದ್ದಿತ್ತು.

"ನಿಲ್ಲಿಸ್ಬೇಡಿ ರೀ, ಏನೇ ಆಗ್ಲಿ ಎಂಜಿನ್ ನಿಲ್ಲಿಸ್ಬೇಡಿ," ಎಂದು ನಾನು ಹೇಳುತ್ತಲೇ ಇದ್ದೆ. ಮೊದಲ ಏರು ಬಂತು. ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡೆ. ಅತ್ತೆ ನನ್ನ ಕೈ ಸರಿಸಿ ತಮ್ಮ ಕೈ ಇಟ್ಟರು. ಕಾರು ನರಳುತ್ತ ಏರುತ್ತಿತ್ತು, ಮಗು ಸುಮ್ಮನಿತ್ತು. ಲೆಕ್ಕವಿಲ್ಲದಷ್ಟು ದೇವರುಗಳಿಗೆ ಒಟ್ಟಿಗೆ ಹರಕೆ ಹೊತ್ತೆ. ಏರು ಮುಗಿಯುವಲ್ಲಿ ಅತ್ತೆಯ ಅಂಗೈ ಅಡಿಗೆ ಒಂದು ಒದೆ ಬಿತ್ತು, ಹಿಂದೆಯೇ ಇನ್ನೊಂದು. "ಒದ್ದ! ಒದ್ದ ಕಣೋ ಕೆಂಪ!" ಎಂದು ಅತ್ತೆ ಕೂಗಿದರು. ನಮ್ಮವರು ಗಾಬರಿಯಲ್ಲಿ ಬ್ರೇಕಿನ ಮೇಲೆ ಕಾಲಿಟ್ಟರು. "ನಿಲ್ಲಿಸ್ಬೇಡಿ!" ಎಂದು ನಾವಿಬ್ಬರೂ ಒಟ್ಟಿಗೆ ಕಿರುಚಿದೆವು. ಎರಡನೆಯ ಏರಿನಲ್ಲಿ ಟೈರು ಒಡೆದ ಜಾಗ ಬಂದಾಗ ನಮ್ಮವರು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರು. ಅದೂ ದಾಟಿತು. ಮೂರನೆಯದರಲ್ಲಿ ನನಗೆ ಏರೋ ಇಳಿಯೋ ಏನೂ ತಿಳಿಯುತ್ತಿರಲಿಲ್ಲ.

ಗೇಟಿನ ಮುಂದೆ ಹಾರನ್ ಒತ್ತಿದರೆ ಆಡಿನ ಮರಿ ಕೂಗಿದಂತೆ ಕೇಳಿತು. ಗೇಟಿನವನು ಅದನ್ನು ಹಾರನ್ ಎಂದು ಒಪ್ಪಿಕೊಳ್ಳದೆ ಕಿವಿಗೆ ಕೈ ಇಟ್ಟು ಕೇಳಿದ. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈದ ಬೈಗುಳವನ್ನು ನಾನಿಲ್ಲಿ ಬರೆಯಲಾರೆ. ಗೇಟು ಎದ್ದಿತು. ಸೇತುವೆಯ ಹಲಗೆಗಳು ಚಕ್ರದಡಿ ಒಂದೊಂದಾಗಿ ಸದ್ದು ಮಾಡಿದವು, ಕೊನೆಯ ಹಲಗೆ ದಾಟಿದ್ದು ನನಗೆ ಕಿವಿಯಿಂದಲ್ಲ, ಮೈಯಿಂದ ಗೊತ್ತಾಯಿತು. ಸೂಲಗಿತ್ತಿಯ ಮನೆ ಇನ್ನೂ ಒಂದು ಫರ್ಲಾಂಗ್ ಇತ್ತು. ಅಲ್ಲಿಯವರೆಗೆ ಕಾಯುವ ತಾಳ್ಮೆ ಮಗುವಿಗಿರಲಿಲ್ಲ. ರಸ್ತೆ ಬದಿಯ ಬಂಡೆಗಳ ನೆರಳಿನಲ್ಲಿ, ಕಾರಿನ ಹಿಂದಿನ ಸೀಟಿನಲ್ಲೇ, ಅತ್ತೆಯ ಎರಡೂ ಕೈಗಳಿಗೆ ಬಂತು.

ಅಳಲಿಲ್ಲ. ನಾನು ತಲೆ ಎತ್ತಿ ನೋಡಲು ಹೋದೆ, ಆಗಲಿಲ್ಲ. "ಅತ್ತೆ," ಎಂದೆ. ಸುತ್ತ ಒಂದು ಚೂರು ಬಟ್ಟೆಯಿಲ್ಲ, ಮಗು ನೆಂದು ನೀಲಿಯಾಗಿದೆ, ಬಂಡೆಗಳ ಮೇಲಿನಿಂದ ಗಾಳಿ ಬೀಸುತ್ತಿದೆ. ಮಗನ ಎದುರಿಗೂ ತಲೆಯ ಮೇಲಿನ ಸೆರಗು ಜಾರಲು ಬಿಡದ ಹೆಂಗಸು ಅವರು. ಒಂದು ಕೈಯಲ್ಲಿ ಮಗು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಸೊಂಟದ ಸೀರೆಯನ್ನು ಕಿತ್ತು ಎಳೆದರು, ಅದರಲ್ಲಿ ಮಗುವನ್ನು ಸುತ್ತಿ ತಿಕ್ಕತೊಡಗಿದರು. ಬೆನ್ನು, ಎದೆ, ಅಂಗಾಲು, ಮತ್ತೆ ಬೆನ್ನು. ತಿಕ್ಕುತ್ತ, "ಅಳು, ಅಳವ್ವ, ಅಳ್ತೀಯೋ ಇಲ್ವೋ," ಎಂದು ಗದರುತ್ತಿದ್ದರು. ಅಳವ್ವ ಎಂದಾಗಲೇ ಹೆಣ್ಣು ಮಗು ಎಂದು ನನಗೆ ತಿಳಿದದ್ದು. ಎಂಜಿನ್ ಇನ್ನೂ ಓಡುತ್ತಿತ್ತು. ಅದರ ಸದ್ದಿನಲ್ಲಿ ಮೊದಲು ನನಗೆ ಕೇಳಿಸಲಿಲ್ಲ, ಆಮೇಲೆ ಕೇಳಿಸಿತು, ಬೆಕ್ಕಿನ ಮರಿಯಂಥ ಸಣ್ಣ ಸ್ವರ, ನಂತರ ಅದು ದೊಡ್ಡದಾಯಿತು, ನಂತರ ಬಂಡೆಗಳಿಗೆ ಬಡಿದು ವಾಪಸ್ ಬರುವಷ್ಟು ದೊಡ್ಡದಾಯಿತು.

ನಮ್ಮವರು ಕಾರಿನಿಂದಿಳಿದು ಹಿಂದಿನ ಬಾಗಿಲಿಗೆ ಬಂದು ನಿಂತರು. ಅರ್ಧ ಮುಖದಲ್ಲಿ ಸೋಪು ಒಣಗಿ ಬಿರುಕು ಬಿಟ್ಟಿತ್ತು, ಇನ್ನರ್ಧ ಒದ್ದೆಯಾಗಿತ್ತು. ಅತ್ತೆ ಬರೀ ಲಂಗ ರವಿಕೆಯಲ್ಲಿ ಗಾಳಿಗೆ ನಿಂತು ಮಗುವನ್ನು ಎದೆಗೆ ಒತ್ತಿಕೊಂಡಿದ್ದರು.

"ಏನೋ ಮಿಕಿಮಿ​ಕಿ ನೋಡ್ತಾ ನಿಂತಿದ್ದೀಯ, ನಾಚ್ಕೆ ಆಗಲ್ವ? ಆ ಕಡೆ ತಿರುಗ್ಕೊಂಡು ನಿಂತ್ಕೊ," ಎಂದರು.

ನಮ್ಮವರು ತಿರುಗಿ ನಿಂತರು. ಮಗು ಅಳುತ್ತಲೇ ಇತ್ತು. ಸುಮ್ಮನಿರಿಸಲು ನಾವು ಯಾರೂ ಹೋಗಲಿಲ್ಲ.